ಗಣಕಯಂತ್ರದ ತೆರೆಮರೆಯ ಸೇವೆಗಳು

ಗಣಕಯಂತ್ರವನ್ನು ಚಾಲೂ ಮಾಡಿದೊಡನೆ ನಮಗೆ ಕಾಣುವುದು ಪರದೆಯೊಂದೇ. ಆದರೆ ತೆರೆಯ ಮರೆಯಲ್ಲಿ ಅನೇಕ ಕಾರ್ಯಕ್ರಮಗಳು ನಾವು ಕರೆಯದೆಯೇ ದುಡಿಯತೊಡಗುತ್ತವೆ. ವಿಂಡೋಸ್ ವ್ಯವಸ್ಥೆಯಲ್ಲಿ ಇವುಗಳಿಗೆ ‘ಸರ್ವಿಸ್’ ಎಂದು ಹೆಸರು. ಇವುಗಳಲ್ಲಿ ಯಾವುದನ್ನು ನಿಲ್ಲಿಸಬಹುದು? ಯಾವುದನ್ನು ನಿಲ್ಲಿಸಕೂಡದು?

‘ಪ್ರಿಂಟ್ ಸ್ಪೂಲರ್’ ಎಂಬ ಸೇವೆಯನ್ನು ನೋಡೋಣ. ಅಚ್ಚಾಗಬೇಕಾದ ಕಡತಗಳನ್ನು ಸಾಲಾಗಿ ನಿಲ್ಲಿಸಿ ಪ್ರಿಂಟರಿಗೆ ಒಪ್ಪಿಸುವುದೇ ಇದರ ಕೆಲಸ. ಪ್ರಿಂಟರು ಇಲ್ಲದ ಮನೆಯಲ್ಲಿಯೂ ಇದು ತಾನಾಗಿ ನಡೆಯುತ್ತಿರುತ್ತದೆ. 2021ರಲ್ಲಿ ಇದರಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ದೋಷವು ಬಯಲಾಯಿತು. ಅದರ ಮೂಲಕ ದುಷ್ಕರ್ಮಿಗಳು ಯಂತ್ರದ ಪೂರ್ಣ ಹತೋಟಿಯನ್ನು ಪಡೆಯಬಹುದಾಗಿತ್ತು. ಈ ಸೇವೆಯನ್ನು ನಿಲ್ಲಿಸುವುದೂ ಒಂದು ರಕ್ಷಣೋಪಾಯವೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಆಗ ಸೂಚಿಸಿತು. ಕೆಲಸವಿಲ್ಲದ ಸೇವೆಯು ತೆರೆದಿಟ್ಟ ಹಿತ್ತಿಲ ಬಾಗಿಲಿನಂತೆ. ಆದರೆ ಇದನ್ನು ನಿಲ್ಲಿಸಿದರೆ ಪ್ರಿಂಟ್ ಆಜ್ಞೆಯಿಂದ ಪಿಡಿಎಫ್ ಕಡತ ಮಾಡಿಕೊಳ್ಳುವ ಸೌಕರ್ಯವೂ ತಪ್ಪುವುದೆಂಬುದನ್ನು ಮರೆಯಬಾರದು.

ಹೆಸರನ್ನು ಮಾತ್ರ ನೋಡಿ ತೀರ್ಮಾನಿಸುವುದು ಅಪಾಯಕರ. ‘ರಿಮೋಟ್ ಪ್ರೊಸೀಜರ್ ಕಾಲ್’ ಎಂಬ ಹೆಸರನ್ನು ಕಂಡು, ಇದು ದೂರದವರಿಗೆ ದಾರಿ ಕೊಡುವ ಸೇವೆಯೆಂದು ಕೆಲವರು ಶಂಕಿಸುವುದುಂಟು. ವಾಸ್ತವವಾಗಿ ಯಂತ್ರದೊಳಗಿನ ಕಾರ್ಯಕ್ರಮಗಳು ಪರಸ್ಪರ ವ್ಯವಹರಿಸುವುದು ಇದರ ಮೂಲಕವೇ. ಸ್ಪೂಲರ್ ಸಹ ಇದನ್ನೇ ಅವಲಂಬಿಸಿದೆ. ಆದ್ದರಿಂದ ಇದನ್ನು ಎಂದಿಗೂ ಮುಟ್ಟಕೂಡದು.

ಯಾವುದೇ ಸೇವೆಯನ್ನು ನಿಲ್ಲಿಸುವ ಮುನ್ನ ‘ಡಿಪೆಂಡೆನ್ಸೀಸ್’ ಪುಟದಲ್ಲಿ ಅದನ್ನು ನಂಬಿರುವ ಇತರ ಸೇವೆಗಳಾವುವೆಂದು ನೋಡಬೇಕು. ಮೊದಲಿನ ಸ್ಥಿತಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಒಂದು ಸಲಕ್ಕೆ ಒಂದನ್ನೇ ನಿಲ್ಲಿಸಿ, ಕೆಲವು ದಿನ ಪರೀಕ್ಷಿಸಬೇಕು. ಒಮ್ಮೆಗೇ ಹತ್ತನ್ನು ನಿಲ್ಲಿಸಿದವನಿಗೆ ಕೆಟ್ಟುದು ಯಾವುದರಿಂದ ಎಂಬುದು ತಿಳಿಯದು.