ಗೂಡು ಕಾಯೋದಿಲ್ಲ: ಫ್ಯಾಷನ್ ಕಂಪನಿಗೆ ರಾಮನಗರದ ಪಾಠ

ಫ್ಯಾಷನ್ ಕಂಪನಿ ಚುರುಕಾಗಬೇಕು ಅಂದ್ರೆ ನಮಗೆ ಮೊದಲು ಹೊಳೆಯೋದು ಹೊಸ ಮಷಿನ್, ಹೊಸ ಸಾಫ್ಟ್‌ವೇರ್. ಆದರೆ ಒಂದು ಉಡುಪು ತಯಾರಾಗುವ ಅವಧಿಯಲ್ಲಿ ಅದು ಮಷಿನ್ ಮೇಲಿರುವ ಸಮಯ ಕಡಿಮೆ. ಗೋಡೌನಿನಲ್ಲೋ, ಯಾರದೋ ಒಪ್ಪಿಗೆಗಾಗಿಯೋ ಸುಮ್ಮನೆ ಕಾಯುವ ಸಮಯವೇ ಹೆಚ್ಚು. ಕಾಯುವುದರ ಬೆಲೆ ಎಷ್ಟು ಅಂತ ತಿಳಿಯೋಕೆ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗಿಂತ ಒಳ್ಳೆಯ ತರಗತಿ ಇಲ್ಲ.

1. ಗೂಡಿನ ಗಡುವು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ರೈತರು ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡುತ್ತಾರೆ. 5-6 ದಿನಕ್ಕೆ ಗೂಡು ಬಿಡಿಸುತ್ತಾರೆ. ಇನ್ನೊಂದು ವಾರ ಹಾಗೇ ಬಿಟ್ಟರೆ ಪತಂಗ ಗೂಡು ತೂತು ಮಾಡಿಕೊಂಡು ಹೊರಬರುತ್ತೆ. ಆಮೇಲೆ ಒಂದೇ ಎಳೆಯಾಗಿ ನೂಲು ಬಿಚ್ಚೋಕೆ ಆಗಲ್ಲ, ಬೆಲೆ ಬಿದ್ದುಹೋಗುತ್ತೆ. ಅದಕ್ಕೇ ಮಾರುಕಟ್ಟೆಗೆ ಬಂದ ಗೂಡನ್ನು ರೀಲರ್‌ಗಳು ಕೈಯಲ್ಲಿ ಹಿಡಿದು ನೋಡಿ, ಹರಾಜಿನಲ್ಲಿ ಬಿಡ್ ಹಾಕಿ, ಅಂದೇ ಕೊಂಡೊಯ್ಯುತ್ತಾರೆ. ಹಬೆ ಕೊಟ್ಟು ಒಳಗಿನ ಕೋಶ ಸಾಯಿಸಿದರೆ ಗೂಡನ್ನು ಇಡಬಹುದು ನಿಜ. ಆದರೆ ಗೂಡಿನ ಜೊತೆ ರೀಲರ್‌ನ ದುಡ್ಡೂ ಕೂತುಬಿಡುತ್ತೆ.

2. ಲೆಕ್ಕ ಹಾಕೋಣ

ಇಲ್ಲಿ ಲಿಟಲ್‌ನ ನಿಯಮ ಕೆಲಸಕ್ಕೆ ಬರುತ್ತೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ್ದು ಇಷ್ಟೇ:

ಒಳಗಿರುವ ಮಾಲು = ದಿನಕ್ಕೆ ಹೊರಹೋಗುವ ಮಾಲು × ಸರಾಸರಿ ಕಾಯುವ ದಿನ

ಒಂದು ಗಾರ್ಮೆಂಟ್ಸ್ ಘಟಕದೊಳಗೆ 600 ಕುರ್ತಾ ಅರ್ಧಂಬರ್ಧ ಆಗಿವೆ, ದಿನಕ್ಕೆ 30 ಮುಗಿಯುತ್ತವೆ ಅಂದುಕೊಳ್ಳಿ. ಹಾಗಾದರೆ ಪ್ರತಿ ಕುರ್ತಾಗೂ 20 ದಿನ. ದಿನಕ್ಕೆ 30 ಮುಗಿಸುತ್ತಲೇ ಒಳಗಿನ ಮಾಲನ್ನು 300ಕ್ಕೆ ಇಳಿಸಿದರೆ 10 ದಿನ. ಹೊಸ ಮಷಿನ್ ಒಂದೂ ಬೇಕಿಲ್ಲ. ಒಮ್ಮೆಗೆ ಕತ್ತರಿಸುವ ಲಾಟ್ ಚಿಕ್ಕದಾಗಬೇಕು.

3. ತೀರ್ಮಾನ ಕೊನೆಗೆ

ಇಟಲಿಯ ಬೆನೆಟ್ಟನ್ ಕಂಪನಿ ಸ್ವೆಟರ್‌ಗಳನ್ನು ಬಣ್ಣವಿಲ್ಲದೆ ಹೆಣೆದಿಟ್ಟು, ಯಾವ ಬಣ್ಣ ಓಡ್ತಿದೆ ಅಂತ ನೋಡಿ ಆಮೇಲೆ ಬಣ್ಣ ಹಾಕಿ ಹೆಸರಾಯಿತು. ನೂಲಿಗೇ ಬಣ್ಣ ಹಾಕಿ ನೇಯುವ ಸೀರೆಯಲ್ಲಿ ಈ ಅವಕಾಶ ಇಲ್ಲ. ನೇಯ್ದ ಮೇಲೆ ಬಣ್ಣ ಹಾಕುವ ರೇಷ್ಮೆ ಬಟ್ಟೆಯಲ್ಲಿ ಇದೆ.

4. ಚುರುಕಿನ ಹೊರೆ ಯಾರಿಗೆ?

ಇದನ್ನು ನಮ್ಮ ಪಠ್ಯಪುಸ್ತಕ ಸಾಮಾನ್ಯವಾಗಿ ಕೇಳಲ್ಲ. ಮೊಟ್ಟೆಯೊಡೆದ ಹುಳು ಗೂಡು ಕಟ್ಟುವ ಹಂತಕ್ಕೆ ಬರೋಕೆ ಸುಮಾರು 25 ದಿನ ಬೇಕು. ಯಾವ ಆ್ಯಪ್ ಬಂದರೂ ಅದು 5 ದಿನ ಆಗಲ್ಲ. ಕಂಪನಿ ‘ನಾವು ಚುರುಕು’ ಅಂತ ಕೊನೇ ಗಳಿಗೆಯಲ್ಲಿ ಆರ್ಡರ್ ರದ್ದು ಮಾಡಿದರೆ, ಗೂಡು ಆಗಲೇ ಮಾರುಕಟ್ಟೆಯಲ್ಲಿರುತ್ತೆ. ನಷ್ಟ ಮಾಯವಾಗಲ್ಲ, ನೇಕಾರರಿಗೆ, ರೀಲರ್‌ಗೆ, ಕೊನೆಗೆ ಹಿಪ್ಪುನೇರಳೆ ತೋಟದವರಿಗೆ ಜಾರುತ್ತೆ. ಆದ್ದರಿಂದ ಬಣ್ಣ, ಅಳತೆ, ವಿನ್ಯಾಸದಲ್ಲಿ ಚುರುಕಾಗಿರಬೇಕು. ನೂಲಿನ ಖರೀದಿಯಲ್ಲಿ ಮಾತಿಗೆ ನಿಲ್ಲಬೇಕು, ದುಡ್ಡು ಹೊತ್ತಿಗೆ ಕೊಡಬೇಕು.

ಅಭ್ಯಾಸ: ನಮ್ಮ ಫೆಸ್ಟ್ ಟಿ-ಶರ್ಟ್ ಆರ್ಡರನ್ನೇ ತಗೊಳ್ಳಿ. ಡಿಸೈನ್‌ನಿಂದ ಕೈಗೆ ಬರುವವರೆಗಿನ ಪ್ರತಿ ದಿನವನ್ನೂ ‘ಕೆಲಸ’ ಅಥವಾ ‘ಕಾಯುವಿಕೆ’ ಅಂತ ಗುರುತು ಹಾಕಿ. ಕಾಯಿಸಿದ್ದು ಪ್ರಿಂಟರ್ ಅಂಗಡಿಯೋ, ಸೈಜ್ ಹೇಳದ ನಾವೋ? ಉತ್ತರ ಅಲ್ಲೇ ಸಿಗುತ್ತೆ.