ರಾತ್ರಿ ಯಾರದು?



ಕಳೆದ ತಪಸ್ಸುಕಾಲದಲ್ಲಿ ಮನೆಭೇಟಿಗೆ ಹೋಗಿದ್ದಾಗ ನಮ್ಮ ಧರ್ಮಕೇಂದ್ರದ ಸಹೋದರಿಯೊಬ್ಬರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. ಆಕೆ ಆಸ್ಪತ್ರೆಯೊಂದರಲ್ಲಿ ದಾದಿ. ತಿಂಗಳಿಗೆ ಹತ್ತು ಹನ್ನೆರಡು ದಿನ ರಾತ್ರಿಪಾಳಿ. "ಫಾದರ್, ರಾತ್ರಿ ದುಡಿಯೋದು ದೇವರ ಚಿತ್ತಕ್ಕೆ ವಿರುದ್ಧ ಅಂತ ಧ್ಯಾನಕೂಟದಲ್ಲಿ ಒಬ್ಬರು ಹೇಳಿದ್ರು. ಯೊವಾನ್ನರ ಶುಭಸಂದೇಶದಲ್ಲೇ ಇದೆಯಂತೆ. ಹಾಗಾದ್ರೆ ನಾನು ಮಾಡ್ತಿರೋದು ತಪ್ಪಾ?" ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವರ ಅತ್ತೆ ಉತ್ತರ ಕೊಟ್ಟರು: "ತಪ್ಪೇನು ಬಂತು? ಮನೆ ಸಾಲ ತೀರಬೇಡವೇ?"

ಇಬ್ಬರ ಮಾತೂ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಅಂದು ಅರ್ಧ ಉತ್ತರ ಕೊಟ್ಟು ಬಂದಿದ್ದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ವಾಕ್ಯವನ್ನೇ ನೋಡೋಣ (ಯೊವಾನ್ನ 9:4). ಹುಟ್ಟುಕುರುಡನಿಗೆ ದೃಷ್ಟಿ ಕೊಡುವ ಮುನ್ನ ಪ್ರಭು ಯೇಸು ಆಡಿದ ಮಾತು ಅದು. ತಮ್ಮನ್ನು ಕಳುಹಿಸಿದ ಪಿತನ ಕಾರ್ಯವನ್ನು ಹಗಲಿರುವಾಗಲೇ ಮಾಡಬೇಕು, ಕೆಲಸ ಸಾಗದ ರಾತ್ರಿ ಬರಲಿದೆ ಎನ್ನುತ್ತಾರೆ. ಇಲ್ಲಿ ಹಗಲೆಂದರೆ ಪ್ರಭುವು ಲೋಕದಲ್ಲಿ ಸೇವೆ ಮಾಡಿದ ಕಾಲ. ರಾತ್ರಿಯೆಂದರೆ ಅವರ ಯಾತನೆಯ ಗಳಿಗೆ. ಯೂದನು ಕಡೆಯ ಭೋಜನದಿಂದ ಎದ್ದು ಹೋದಾಗ ರಾತ್ರಿಯಾಗಿತ್ತೆಂದು ಅದೇ ಯೊವಾನ್ನ ಗುರುತಿಸುತ್ತಾರೆ (13:30). ಇದು ಪಾಳಿಯ ಬಗ್ಗೆ ಹೊರಡಿಸಿದ ಕಟ್ಟಳೆಯಲ್ಲ. ಶ್ರೀಗ್ರಂಥದ ಒಂದು ಸಾಲನ್ನು ಕಿತ್ತು ತಂದು ಬಡವರ ಹೆಗಲ ಮೇಲೆ ಹೊರಿಸುವವರು ಅದರ ಹಿಂದು ಮುಂದಿನ ನಾಲ್ಕು ಸಾಲುಗಳನ್ನಾದರೂ ಓದಬೇಕು.

ಶ್ರೀಗ್ರಂಥದಲ್ಲಿ ರಾತ್ರಿ ದುಡಿದವರು ಎಷ್ಟೋ ಮಂದಿ ಇದ್ದಾರೆ. ಬೆತ್ಲೆಹೇಮಿನ ಕುರುಬರು ರಾತ್ರಿ ಮಂದೆ ಕಾಯುತ್ತಿದ್ದಾಗಲೇ ರಕ್ಷಕನ ಜನನದ ಸುದ್ದಿ ಕೇಳಿದರು. ಪೇತ್ರನೂ ಅವನ ಜೊತೆಗಾರರೂ ರಾತ್ರಿಯಿಡೀ ಬಲೆ ಬೀಸಿದವರು. ಸಂತ ಪೌಲರು ಯಾರಿಗೂ ಹೊರೆಯಾಗಬಾರದೆಂದು ಹಗಲಿರುಳು ದುಡಿದುದನ್ನು ಥೆಸಲೋನಿಯದವರಿಗೆ ನೆನಪಿಸುತ್ತಾರೆ (1 ಥೆಸ. 2:9). ಇವರಲ್ಲಿ ಯಾರನ್ನೂ ದೇವರು ಗದರಿಸಲಿಲ್ಲ.

ಹಾಗಾದರೆ ರಾತ್ರಿಗೂ ಹಗಲಿಗೂ ವ್ಯತ್ಯಾಸವೇ ಇಲ್ಲವೇ? ಇದೆ. 104ನೇ ಕೀರ್ತನೆಯಲ್ಲಿ ರಾತ್ರಿ ಕಾಡುಮೃಗಗಳ ಪಾಳಿ. ಸಿಂಹದ ಮರಿಗಳು ದೇವರಲ್ಲಿ ಆಹಾರ ಬೇಡುತ್ತಾ ಗರ್ಜಿಸುತ್ತವೆ. ಸೂರ್ಯ ಹುಟ್ಟಿದೊಡನೆ ಅವು ಗವಿ ಸೇರುತ್ತವೆ, ಆಗ ಮನುಷ್ಯನು ಕೆಲಸಕ್ಕೆ ಹೊರಟು ಸಂಜೆಯವರೆಗೆ ದುಡಿಯುತ್ತಾನೆ. ಸಂಜೆಯ ನಂತರ ಅವನ ಲೆಕ್ಕ ಮುಗಿಯಿತು. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಇನ್ನೂ ಸೂಕ್ಷ್ಮವಾದ ಸಂಗತಿಯಿದೆ. ಅಲ್ಲಿ ದಿನ ಎಣಿಸುವುದು ಸಂಜೆಯಿಂದ. ಯೆಹೂದ್ಯರ ಸಬ್ಬತ್ ದಿನ ಇಂದಿಗೂ ಶುಕ್ರವಾರ ಸಂಜೆ ಆರಂಭವಾಗುತ್ತದೆ. ನಾವು ಭಾನುವಾರದ ಬಲಿಪೂಜೆಯನ್ನು ಶನಿವಾರ ಸಂಜೆಯೇ ಅರ್ಪಿಸುವುದರ ಬೇರು ಸಹ ಅಲ್ಲಿಯೇ ಇದೆ. ಅಂದರೆ ಮನುಷ್ಯನ ದಿನ ನಿದ್ದೆಯಿಂದ ಶುರುವಾಗುತ್ತದೆ. ಅವನು ಎದ್ದು ಕಣ್ಣುಜ್ಜುವಷ್ಟರಲ್ಲಿ ದೇವರು ಅರ್ಧ ದಿನದ ಕೆಲಸ ಮುಗಿಸಿರುತ್ತಾರೆ! ಬೀಜ ಬಿತ್ತಿ ಮಲಗಿದ ರೈತನ ಸಾಮತಿಯೂ ಇದನ್ನೇ ಹೇಳುತ್ತದೆ (ಮಾರ್ಕ 4:26-29). ಪೈರು ಹೇಗೆ ಬೆಳೆಯಿತೋ ಅವನಿಗೇ ತಿಳಿಯದು. ಅದೇ ಅಧ್ಯಾಯದ ಕೊನೆಯಲ್ಲಿ, ಆ ಸಾಮತಿ ಹೇಳಿದ ಪ್ರಭುವೇ ಸಂಜೆಯ ದೋಣಿಯಲ್ಲಿ, ಬಿರುಗಾಳಿಯ ನಡುವೆ, ತಲೆದಿಂಬಿನ ಮೇಲೆ ನಿದ್ದೆಹೋಗಿದ್ದಾರೆ.

ನನ್ನನ್ನು ಬಹಳ ಕಾಡುವ ವಾಕ್ಯ ಬೇರೊಂದಿದೆ. ನಮ್ಮ ಪ್ರಸಂಗಗಳಲ್ಲಿ ಅದರ ಹೆಸರೇ ಬರುವುದಿಲ್ಲ. ವಿಮೋಚನಾಕಾಂಡದ 22ನೇ ಅಧ್ಯಾಯ, 26 ಮತ್ತು 27ನೇ ವಚನ. ಬಡವನೊಬ್ಬನಿಂದ ಸಾಲಕ್ಕೆ ಅವನ ಮೇಲುಹೊದಿಕೆಯನ್ನು ಒತ್ತೆ ಇಟ್ಟುಕೊಂಡರೆ ಸೂರ್ಯ ಮುಳುಗುವ ಮುನ್ನ ಅದನ್ನು ಹಿಂದಿರುಗಿಸಬೇಕು. ಅವನಿಗಿರುವುದು ಅದೊಂದೇ, ಇನ್ನೇನು ಹೊದ್ದು ಮಲಗಬೇಕು ಎಂದು ದೇವರೇ ಕೇಳುತ್ತಾರೆ. ಅವನು ಮೊರೆಯಿಟ್ಟರೆ ತಾವು ಕೇಳುವುದಾಗಿ ಎಚ್ಚರಿಸುತ್ತಾರೆ. ಗಮನಿಸಿ, ಸಾಲ ಮನ್ನಾ ಎಂದು ಇಲ್ಲಿ ಹೇಳಿಲ್ಲ. ಸಾಲ ಸಾಲವೇ. ಆದರೆ ಸಾಲಗಾರನ ನಿದ್ದೆ ಒತ್ತೆಯ ವಸ್ತುವಲ್ಲ. ಕೂಲಿಯ ವಿಷಯದಲ್ಲೂ ಹೀಗೆಯೇ: ದಿನಗೂಲಿಯವನ ಹಣ ಬೆಳಗಿನವರೆಗೆ ಧಣಿಯ ಬಳಿ ಉಳಿಯಕೂಡದು (ಯಾಜಕಕಾಂಡ 19:13). ಈ ಕಟ್ಟಳೆಯನ್ನು ಜನ ಹೇಗೆ ಮುರಿದರೆಂದು ತಿಳಿಯಲು ಪ್ರವಾದಿ ಆಮೋಸನನ್ನು ಓದಬೇಕು (2:8). ಬಡವರ ಒತ್ತೆಯ ಬಟ್ಟೆಗಳನ್ನು ಹಾಸಿಕೊಂಡು ಅವರು ಬಲಿಪೀಠಗಳ ಪಕ್ಕದಲ್ಲೇ ಒರಗಿದ್ದರಂತೆ. ಬೇರೆಯವರ ನಿದ್ದೆಯನ್ನು ಹಾಸಿಕೊಂಡು ಪೂಜೆಗೆ ಬಂದವರು ಅವರು!

ಆ ಮನೆಯ ಮಾತಿಗೆ ಮರಳುತ್ತೇನೆ. ಸೊಸೆ ಬೆಳಿಗ್ಗೆ ಎಂಟಕ್ಕೆ ಪಾಳಿ ಮುಗಿಸಿ ಬರುತ್ತಾರೆ. ತಿಂಡಿ, ಮಕ್ಕಳ ಬಟ್ಟೆ, ಮಧ್ಯಾಹ್ನದ ಅಡುಗೆ ಎಲ್ಲ ಮುಗಿದು ತಲೆ ಊರುವಾಗ ಒಂದೂವರೆ. ನಾಲ್ಕಕ್ಕೆ ಮಕ್ಕಳು ಶಾಲೆಯಿಂದ ಬರುತ್ತಾರೆ. ಮನೆಯವರು ಕೆಟ್ಟವರಲ್ಲ. ಹೆಂಗಸು ಹಗಲಲ್ಲಿ ಮಲಗಿದರೆ ಸೋಮಾರಿ ಎನ್ನುವುದು ನಮ್ಮೆಲ್ಲರ ಬಾಯಲ್ಲೂ ಬರುವ ಮಾತೇ. ಇಟ್ಟಿಗೆಯ ಲೆಕ್ಕ ತಗ್ಗಿಸಲು ಬೇಡಿದ ಇಸ್ರಯೇಲರಿಗೆ ಫರೋಹನೂ ಇದೇ ಮಾತನ್ನು ಅಂದಿದ್ದ (ವಿಮೋ. 5:17).

ರೋಗಿಯ ಪಕ್ಕದಲ್ಲಿ ಎಚ್ಚರವಿರುವ ದಾದಿ ಉಳಿದವರು ನಿಶ್ಚಿಂತೆಯಿಂದ ಮಲಗಲೆಂದು ತನ್ನ ರಾತ್ರಿಯನ್ನು ಕೊಡುತ್ತಾಳೆ. ಆ ರಾತ್ರಿಯನ್ನು ಹಗಲಿನಲ್ಲಿ ಆಕೆಗೆ ಹಿಂದಿರುಗಿಸಬೇಕಾದವರು ಮನೆಯವರು. ಹೊದಿಕೆ ಕೊಡಲು ಅಲ್ಲಿ ಗಡುವು ಸೂರ್ಯಾಸ್ತ. ಇಲ್ಲಿ ಬೆಳಗಿನ ಎಂಟು ಗಂಟೆ, ಅಷ್ಟೆ. ಅಗತ್ಯವೇ ಇಲ್ಲದೆ, ಲಾಭ ಇನ್ನಷ್ಟು ಹೆಚ್ಚಲೆಂದು ಮಾತ್ರ ಜನರನ್ನು ಇರುಳೆಲ್ಲ ಕೂರಿಸುವ ಧಣಿಗಳ ಮಾತು ಬೇರೆ. ಅವರು ಆಮೋಸನಿಗೆ ಉತ್ತರ ಹೇಳಲಿ.

ಯಾರೂ ಕೇಳದೆಯೇ ರಾತ್ರಿಯನ್ನು ಒತ್ತೆ ಇಡುವವರೂ ಇದ್ದಾರೆ. ಅದರಲ್ಲಿ ನಾನೂ ಒಬ್ಬ. ಲೆಕ್ಕಪುಸ್ತಕ ಮುಗಿಸಿ, ಕೈಯಲ್ಲಿ ಫೋನು ಹಿಡಿದರೆ ಹನ್ನೆರಡೂವರೆ. ಬೆಳಗಿನ ಆರರ ಪೂಜೆಯಲ್ಲಿ ನಾನು ಆಕಳಿಸುವುದನ್ನು ನೀವು ನೋಡಿಯೇ ಇದ್ದೀರಿ. ತಡರಾತ್ರಿಯವರೆಗೆ ದುಡಿದು ಚಿಂತೆಯ ಅನ್ನ ಉಣ್ಣುವುದು ವ್ಯರ್ಥ ಎನ್ನುತ್ತದೆ 127ನೇ ಕೀರ್ತನೆ. ಆರನೆಯ ಶತಮಾನದ ಸಂತ ಬೆನೆಡಿಕ್ಟರು ಈ ವಿಷಯದಲ್ಲಿ ನಮ್ಮಂಥವರನ್ನು ಚೆನ್ನಾಗಿ ಬಲ್ಲವರು. ರಾತ್ರಿ ಊಟಕ್ಕೆ ದೀಪವೇ ಬೇಕಾಗದಂತೆ ಎಲ್ಲವೂ ಹಗಲ ಬೆಳಕಿನಲ್ಲಿ ಮುಗಿಯಲಿ ಎಂದು ತಮ್ಮ ಮಠದ ನಿಯಮದ 41ನೇ ಅಧ್ಯಾಯದಲ್ಲಿ ಬರೆದರು. ದಿನದ ಕೊನೆಯ ಪ್ರಾರ್ಥನೆಯ ನಂತರ ಮಾತೂ ಇಲ್ಲ. 2025ರಲ್ಲಿ ದೈವಾಧೀನರಾದ ಜಗದ್ಗುರು ಫ್ರಾನ್ಸಿಸರು ನಿದ್ರಿಸುವ ಸಂತ ಜೋಸೆಫರ ಪ್ರತಿಮೆಯೊಂದನ್ನು ಇಟ್ಟುಕೊಂಡಿದ್ದರು. ಸಮಸ್ಯೆ ಬಂದಾಗ ಚೀಟಿಯಲ್ಲಿ ಬರೆದು ಅದರಡಿ ಇಡುತ್ತೇನೆಂದು 2015ರ ಜನವರಿಯಲ್ಲಿ ಮನಿಲಾದ ಕುಟುಂಬಗಳಿಗೆ ಹೇಳಿದರು. ಮರಿಯಮ್ಮನವರನ್ನು ಮನೆಗೆ ಕರೆದುಕೋ, ಮಗುವನ್ನು ಎತ್ತಿಕೊಂಡು ಈಜಿಪ್ಟಿಗೆ ಓಡು ಎಂಬ ಆಜ್ಞೆಗಳು ಜೋಸೆಫರಿಗೆ ಸಿಕ್ಕಿದ್ದು ನಿದ್ದೆಯಲ್ಲಿಯೇ ಅಲ್ಲವೇ?

(ಪ್ರಸಂಗದಲ್ಲಿ ತೂಕಡಿಸುವವರು ಇದನ್ನು ತಮ್ಮ ಪರವಾಗಿ ಎತ್ತಿಕೊಳ್ಳಬೇಡಿ. ತ್ರೋವದಲ್ಲಿ ಪೌಲರ ದೀರ್ಘ ಪ್ರಸಂಗದ ನಡುವೆ ನಿದ್ದೆಹೋದ ಯೂತಿಕ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಪೌಲರು ಇಳಿದು ಹೋಗಿ ಅವನನ್ನು ತಬ್ಬಿಕೊಂಡರು, ಅವನು ಬದುಕಿದ. ಪ್ರಸಂಗ ಬೆಳಗಿನವರೆಗೂ ಮುಂದುವರಿಯಿತು.)

ಅತ್ತೆಯವರೊಂದಿಗೆ ಆಮೇಲೆ ಮಾತನಾಡಿದೆ. ಪಾಳಿಯ ದಿನಗಳಲ್ಲಿ ತಿಂಡಿ, ಅಡುಗೆ ತಾವು ಮತ್ತು ಮಗ ನೋಡಿಕೊಳ್ಳುವುದಾಗಿ ಒಪ್ಪಿದ್ದಾರೆ. ಹೊರಡುವಾಗ ಸೊಸೆ ಸಂಕೋಚದಿಂದ ಇನ್ನೊಂದು ಮಾತು ಹೇಳಿದರು: "ಫಾದರ್, ನಮ್ಮ ದೇವಾಲಯದ ಧ್ವನಿವರ್ಧಕ ನೇರವಾಗಿ ನಮ್ಮ ಕಿಟಕಿಗೇ ಮುಖ ಮಾಡಿದೆ. ಒಂಬತ್ತರವರೆಗೂ ಹಾಡು ಬರುತ್ತೆ." ನನಗೆ ಮಾತೇ ಹೊರಡಲಿಲ್ಲ. ಈಗ ಬೆಳಗಿನ ಪೂಜೆ ಮುಗಿದೊಡನೆ ಅದನ್ನು ನಿಲ್ಲಿಸುತ್ತಿದ್ದೇವೆ. ಕೆಲವರಿಗೆ ಬೇಸರವಾಗಿದೆ ಎಂದು ಕೇಳಿದೆ. ಭಕ್ತಿಗೀತೆ ಬೇಕೆನ್ನುವವರು ಒಳಗೆ ಬಂದು ಕೂರಬಹುದು, ಬಾಗಿಲು ತೆರೆದೇ ಇರುತ್ತದೆ.