ಗುಂಪಿನ ಕುದುರೆ ಮತ್ತು ನಮ್ಮ ಎಚ್ಚರಿಕೆ

ಜತ್ತ ಭಾಗದ ನಮ್ಮ ಹಳ್ಳಿಗಳಲ್ಲಿ ಜೋಳದ ಸುಗ್ಗಿ ಮುಗಿಯುತ್ತಲೇ ಧನಗರರ ಕುರಿಹಿಂಡುಗಳು ಬಂದಿಳಿಯುವವು. ರೈತರು ಗೊಬ್ಬರಕ್ಕಾಗಿ ತಮ್ಮ ಹೊಲಗಳಲ್ಲಿ ಕುರಿ ತರುಬಿಸುವರು. ಆ ಹಿಂಡಿನೊಡನೆ ಕಂಬಳಿ, ಪಾತ್ರೆ, ಹಿಟ್ಟಿನ ಚೀಲಗಳನ್ನು ಹೊತ್ತು ಬರುವ ಗಿಡ್ಡ ಕುದುರೆಗಳನ್ನು ವಾಚಕರು ನೋಡಿಯೇ ಇರುವರು. ಭೀಮಾ ನದಿಯ ಸೀಮೆಯ ಈ ತಳಿಗೆ 'ಭೀಮಥಡಿ' ಎಂದು ಹೆಸರು. ತಡಿ ಎಂದರೆ ದಡವೆಂಬುದು ಕನ್ನಡಿಗರಿಗೆ ಹೇಳಬೇಕಾದ ಮಾತಲ್ಲ. ಮರಾಠರ ದಂಡಿನಲ್ಲಿ ಹೆಸರು ಪಡೆದ ಈ ಕುದುರೆಯು 2024ರಲ್ಲಿ ದೇಶದ ಸ್ವತಂತ್ರ ತಳಿಯೆಂದು ಅಧಿಕೃತವಾಗಿ ನೋಂದಣಿಯಾಯಿತು.

ಕಳೆದ ಮಾಘ ಮಾಸದಲ್ಲಿ ನಮ್ಮ ಶಾಲೆಯ ಮಗ್ಗುಲ ಹೊಲದಲ್ಲಿ ಇಂತಹ ನಾಲ್ಕು ಕುದುರೆಗಳು ಮೇಯುತ್ತಿದ್ದವು. ಮಧ್ಯಾಹ್ನದ ಬಿಡುವಿನಲ್ಲಿ ಐದನೆಯ ಇಯತ್ತೆಯ ಬಾಲಕನೊಬ್ಬನು ರೊಟ್ಟಿಯ ಚೂರು ಹಿಡಿದು ಅವುಗಳ ನಡುವೆ ಹೋಗಿ ನಿಂತನು. ಆಗಲೇ ಕುರಿಗಾರನು ಒಂದು ಹೆಣ್ಣು ಕುದುರೆಯನ್ನು ಬಾವಿಯ ಕಡೆಗೆ ಎಳೆದೊಯ್ಯುತ್ತಿದ್ದನು. ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಅದು ಕೆನೆದು, ಹಗ್ಗ ಕಿತ್ತುಕೊಂಡು, ತನ್ನ ಜೊತೆಯವುಗಳ ಕಡೆಗೆ ಧಾವಿಸಿತು. ಬಾಲಕನು ಅದರ ಹಾದಿಯಲ್ಲಿದ್ದನು. ಎದೆಯ ಪೆಟ್ಟಿಗೆ ಉರುಳಿ ಬಿದ್ದನು; ಗೊರಸು ಅವನ ತಲೆಯಿಂದ ಗೇಣು ದೂರದಲ್ಲಿ ಊರಿತು. ಭುಜದ ಗಾಯದಿಂದಲೇ ಪಾರಾದುದು ದೈವಕೃಪೆ.

ನಾವು ಓಡಿಹೋಗಿ ಕುರಿಗಾರನ ಮೇಲೆ ಸಿಟ್ಟಾದೆವು. ಅವನು ಶಾಂತನಾಗಿ, "ಗುರುಗಳ, ಕುದರಿಗೆ ಹುಡುಗನ ಮ್ಯಾಲ ಸಿಟ್ಟಿಲ್ಲರಿ. ಜೊತಿ ಬಿಟ್ಟು ಹೋಗಾಕ ಅಂಜೇತಿ," ಎಂದನು. ಆ ಒಂದು ಮಾತು ನಮಗೆ ಪಾಠವಾಯಿತು. ವರ್ಗದಲ್ಲಿ ಚೇತಕನ ಸಾಹಸವನ್ನು ವರ್ಣಿಸಿ ಹೇಳಿದ್ದ ನಾವು, ಶಾಲೆಯ ಬೇಲಿಯಾಚೆ ನಿಂತ ಕುದುರೆಯ ಬಳಿ ಹೇಗೆ ಹೋಗಬೇಕೆಂಬುದನ್ನು ಹೇಳಿಕೊಟ್ಟಿರಲಿಲ್ಲ. ಆ ಕೊರತೆಯನ್ನು ತುಂಬುವುದೇ ಈ ಲೇಖನದ ಉದ್ದೇಶ.

ಕುದುರೆಯು ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಈಡಾಗುವ ಪ್ರಾಣಿ. ಬಯಲಿನಲ್ಲಿ ಒಂಟಿಯಾದ ಕುದುರೆ ಹುಲಿ ತೋಳಗಳಿಗೆ ತುತ್ತಾಗುತ್ತಿತ್ತು, ಗುಂಪಿನಲ್ಲಿದ್ದುದು ಬದುಕುತ್ತಿತ್ತು. ಆದ್ದರಿಂದ ಗುಂಪೇ ಅದರ ಕೋಟೆ. ಗುಂಪಿನಿಂದ ಬೇರ್ಪಡಿಸಿದಾಗ ಅದು ಕೆನೆಯುವುದು, ಬೆವರುವುದು, ಹಿಂದಿರುಗಿ ನುಗ್ಗುವುದು ಭಯದಿಂದಲೇ ಹೊರತು ಹಟದಿಂದಲ್ಲ. ಗುಂಪಿನೊಳಗೆ ಮೇಲು ಕೀಳೆಂಬ ಕ್ರಮವೂ ಉಂಟು. ಮೇಲಿನದು ಮುಂದೆ ಬಂದರೆ ಕೆಳಗಿನದು ಹಿಂದೆ ಸರಿಯುವುದು. ಮೈಮೇಲೆ ಬರುವ ಕುದುರೆಗೆ ನಾವು ಪ್ರತಿ ಸಲವೂ ಹಿಂಜರಿದು ದಾರಿ ಬಿಟ್ಟರೆ, ನುಗ್ಗಿದರೆ ದಾರಿ ಸಿಗುವುದೆಂದು ಅದು ಕಲಿತುಕೊಳ್ಳುವುದು.

ಅದರ ಕಣ್ಣುಗಳು ತಲೆಯ ಎರಡು ಬದಿಗಳಲ್ಲಿರುವುದರಿಂದ ಸುತ್ತಲಿನ ಬಹುಭಾಗ ಕಾಣುವುದು. ಆದರೆ ಹಣೆಯ ನೇರ ಮುಂದೆ ಹತ್ತಿರದಲ್ಲಿಯೂ, ಬಾಲದ ನೇರ ಹಿಂದೆಯೂ ಏನೂ ಕಾಣದು. ಕಾಣದ ಕಡೆಯಿಂದ ಸಪ್ಪಳವಾದರೆ ಅದು ಮೊದಲು ಒದೆಯುವುದು, ಆಮೇಲೆ ನೋಡುವುದು. ಗಿಡ್ಡ ಕುದುರೆಯೂ ನಮ್ಮ ದೊಡ್ಡ ಹುಡುಗನ ಹಲವು ಪಟ್ಟು ತೂಕದ್ದೆಂಬುದನ್ನು ಮರೆಯಲಾಗದು.

ಇನ್ನು ನಡೆದುಕೊಳ್ಳುವ ರೀತಿ. ಒಡೆಯನಿಲ್ಲದೆ ಮಕ್ಕಳು ಗುಂಪಿನೊಳಗೆ ಕಾಲಿಡಲೇಬಾರದು. ದೊಡ್ಡವರು ಹೋಗಬೇಕಾದಲ್ಲಿ ಮಾತನಾಡುತ್ತ, ಭುಜದ ಓರೆಯಿಂದ ನಿಧಾನವಾಗಿ ಹೋಗಬೇಕು. ಹಿಂಗಾಲುಗಳಿಂದ ಹತ್ತು ಅಡಿಗೆ ಕಡಿಮೆಯಿಲ್ಲದಂತೆ ದೂರವಿರಬೇಕು. ರೊಟ್ಟಿ, ಬೆಲ್ಲ, ಕಾಳುಗಳನ್ನು ಗುಂಪಿನೊಳಗೆ ಒಯ್ಯಬಾರದು. ತಿನಿಸಿಗಾಗಿ ಅವು ಒಂದನ್ನೊಂದು ಕಚ್ಚಿ ಒದೆಯುವಾಗ ಪೆಟ್ಟು ನಡುವೆ ನಿಂತವನಿಗೆ ಬೀಳುವುದು. ಎರಡು ಕುದುರೆಗಳ ನಡುವೆಯಾಗಲಿ, ಕುದುರೆ ಮತ್ತು ಬೇಲಿಯ ನಡುವೆಯಾಗಲಿ, ತಾಯಿ ಮತ್ತು ಮರಿಯ ನಡುವೆಯಾಗಲಿ ನಿಲ್ಲಬಾರದು. ಪಾರಾಗುವ ಹಾದಿಯನ್ನು ಮೊದಲೇ ನೋಡಿಟ್ಟುಕೊಳ್ಳಬೇಕು.

ಕುದುರೆ ಮೈಮೇಲೆ ಬಂದರೆ ಬೆನ್ನು ತಿರುಗಿಸಿ ಓಡಬಾರದು. ಎದುರಾಗಿ ನಿಂತು, ಕೈಗಳನ್ನು ಅಗಲಿಸಿ, ಗಟ್ಟಿ ದನಿಯಲ್ಲಿ ಗದರಿಸಿ, ಅದು ನಿಂತೊಡನೆ ಸುಮ್ಮನಾಗಬೇಕು. ಬಳಿಕ ಅದರ ಮೇಲೆ ಕಣ್ಣಿಟ್ಟು ಓರೆಯಾಗಿ ಸರಿಯಬೇಕು. ಬೆದರಿ ಓಡಿ ಬರುವ ಗುಂಪಿಗೆ ಮಾತ್ರ ಅಡ್ಡ ನಿಲ್ಲದೆ ಬದಿಗೆ ಸರಿದು ಮರದ ಮರೆ ಸೇರಬೇಕು. ಕಲ್ಲೆಸೆಯುವುದು ಮೂರ್ಖತನ.

ಕುದುರೆಯನ್ನು ಗುಂಪಿನಿಂದ ಒಯ್ಯುವವನು ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಮಡಿಸಿ ಹಿಡಿಯಬೇಕು. ಜೊತೆಯ ಇನ್ನೊಂದನ್ನೂ ಕರೆದೊಯ್ಯುವುದು ಸುಲಭೋಪಾಯ. ದಿನಕ್ಕೆ ಸ್ವಲ್ಪ ಸ್ವಲ್ಪ ದೂರ ಒಯ್ದು, ಶಾಂತವಾಗಿರುವಾಗಲೇ ಹಿಂದಕ್ಕೆ ತಂದರೆ, ಅಗಲಿಕೆ ನಾಶವಲ್ಲವೆಂದು ಅದು ಅರಿಯುವುದು. ಮರಳಿ ಬಿಡುವಾಗ ಅದರ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡು ಹಗ್ಗ ಬಿಚ್ಚಬೇಕು. ಇಲ್ಲವಾದರೆ ಸಂತೋಷದ ಒದೆತಕ್ಕೂ ಗುರಿಯಾಗಬೇಕಾಗುವುದು.

ಕಿವಿಗಳನ್ನು ಹಿಂದಕ್ಕೆ ಒತ್ತಿಕೊಳ್ಳುವುದು, ಬಾಲವನ್ನು ಬೀಸಿ ಬೀಸಿ ಹೊಡೆಯುವುದು, ಹಿಂಗಾಲು ಎತ್ತುವುದು, ಹಿಂಭಾಗವನ್ನು ನಮ್ಮ ಕಡೆಗೆ ತಿರುಗಿಸುವುದು - ಇವು ಕುದುರೆಯ ಅಕ್ಷರಮಾಲೆ. ಓದಬಲ್ಲವನು ಮೊದಲೇ ದೂರ ಸರಿಯುವನು. ಕಚ್ಚಿದ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಕಾಲು ಗಂಟೆ ತೊಳೆದು ಕೂಡಲೆ ದವಾಖಾನೆಗೆ ಹೋಗಬೇಕು. ಧನುರ್ವಾಯುವಿನ ರೋಗಾಣುಗಳು ಕುದುರೆಯ ಲದ್ದಿಯಲ್ಲಿಯೂ ಹೊಲದ ಮಣ್ಣಿನಲ್ಲಿಯೂ ಇರುವವು. ತಲೆಗೆ, ಎದೆಗೆ, ಹೊಟ್ಟೆಗೆ ಒದೆತ ಬಿದ್ದಲ್ಲಿ ಗಾಯ ಕಾಣದಿದ್ದರೂ ವೈದ್ಯರಿಗೆ ತೋರಿಸಲೇಬೇಕು.

ಆ ಬಾಲಕನು ಎಂಟು ದಿನಗಳ ಮೇಲೆ ಶಾಲೆಗೆ ಬಂದನು. ಕುರಿಗಾರನು ತಾನಾಗಿಯೇ ಬಂದು ಅವನ ಕೈಯನ್ನು ಅದೇ ಕುದುರೆಯ ಭುಜದ ಮೇಲೆ ಇರಿಸಿದನು. ಮಕ್ಕಳಲ್ಲಿ ಭಯವನ್ನು ಬಿತ್ತುವುದು ನಮ್ಮ ಉದ್ದೇಶವಲ್ಲ. ಅನ್ಯಜೀವಿಯ ಅಂಜಿಕೆಯನ್ನು ಅರಿತು ನಡೆಯುವುದೇ ನಮ್ಮ ರಕ್ಷಣೆ, ಅದರ ರಕ್ಷಣೆಯೂ ಹೌದು.

ಅಭ್ಯಾಸ

1. ಜೊತೆ ಬಿಟ್ಟ ಕುದುರೆಯು ಏಕೆ ನುಗ್ಗುತ್ತದೆ?
2. ಕುದುರೆಗೆ ಕಾಣದ ಎರಡು ಸ್ಥಳಗಳು ಯಾವುವು?
3. ನಿಮ್ಮ ಊರಿಗೆ ಬರುವ ಕುರಿಗಾರರನ್ನು ಕೇಳಿ, ಕುದುರೆಯ ಸ್ವಭಾವದ ಬಗ್ಗೆ ಹತ್ತು ಸಾಲು ಬರೆಯಿರಿ.